ಅಮ್ಮನಿಗೊಂದು ಪೊಲೀಸ್ ರೇಡಿಯೋ

ಯಂತ್ರ ಬಳಸುವುದು ಹೇಗೆಂದು ಬರೆಯುವವನಿಗೆ ಯಂತ್ರ ಬಳಸಲು ಬರಲೇಬೇಕೆಂಬ ನಿಯಮವೇನೂ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಕತೆ ಹೇಳಲು ನನಗೂ ಸಂಕೋಚವಿರುವುದಿಲ್ಲ. ಸಮುದ್ರದಾಚೆಯ ಹರ್ನ್‌ಡನ್ ಎಂಬ ಊರಿನ ಒಂದು ಸಣ್ಣ ಕಂಪನಿಯಲ್ಲಿ ಯೂಸರ್ ಮ್ಯಾನ್ಯುಯಲ್ ಬರೆಯುವುದು ನನ್ನ ಉದ್ಯೋಗ. ಎಂಜಿನಿಯರುಗಳು ಒಂದು ಸಾಫ್ಟ್‌ವೇರ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ಕಂಡರೆ ಬೆದರುವ ಜನಕ್ಕೆ, ಹೆದರಬೇಡಿ, ಇದು ಬಹಳ ಸುಲಭ ಎಂದು ಇನ್ನೂರು ಪುಟಗಳಲ್ಲಿ ಧೈರ್ಯ ಹೇಳುವವನು ನಾನು. ವಿವರಿಸಲು ಇನ್ನೂರು ಪುಟ ಬೇಕಾದ ವಸ್ತು ಸುಲಭ ಹೇಗಾದೀತು ಎಂದು ಆಫೀಸಿನಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ಕೇಳಿದವಳು ನಮ್ಮ ಅಮ್ಮ ಒಬ್ಬಳೇ. ಅದೂ ಒಂದು ಪೊಲೀಸ್ ರೇಡಿಯೋದ ದೆಸೆಯಿಂದ.

ಅಮ್ಮ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಫೋನಿನ ಪಕ್ಕ ಕೂರುತ್ತಿದ್ದ ಕಾಲದವರಿಗೆ ಆ ಹುದ್ದೆಯ ದರ್ಬಾರು ಏನೆಂದು ಗೊತ್ತು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಬೋರ್ಡಿನ ಮುಂದೆ ಕೂತು, ಈ ವೈರನ್ನು ಆ ತೂತಿಗೆ ಸಿಕ್ಕಿಸಿ, ಆ ವೈರನ್ನು ಈ ತೂತಿಗೆ ಸಿಕ್ಕಿಸಿ ಇಡೀ ಊರನ್ನು ಮಾತಾಡಿಸುತ್ತಿದ್ದಳು. ಪ್ರತಿ ಕರೆಗೂ ಒಂದು ಚೀಟಿ. ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಆರ್ಡಿನರಿಯೋ, ಅರ್ಜೆಂಟೋ, ಎಲ್ಲಕ್ಕಿಂತ ದುಬಾರಿಯಾದ ಲೈಟ್ನಿಂಗೋ, ಎಲ್ಲ ಅದರಲ್ಲಿ ಬರೆಯಬೇಕು. ಊರಿನ ಸಾವು, ಮದುವೆ, ಜಗಳ, ರಾಜಿ ಎಲ್ಲವೂ ಮೊದಲು ಅಮ್ಮನ ಕಿವಿಗೆ ಬಿದ್ದು ಆಮೇಲೆ ಊರಿಗೆ ತಿಳಿಯುತ್ತಿದ್ದವು.

ತಿಳಿಯುತ್ತಿದ್ದುದು ಅಮ್ಮನಿಂದಲ್ಲ ಎನ್ನುವುದೇ ನಮ್ಮ ಮನೆಯ ದುರಂತ. ಲೈನಿನಲ್ಲಿ ಕೇಳಿದ್ದನ್ನು ಲೈನಿನಲ್ಲೇ ಬಿಟ್ಟು ಬರಬೇಕೆಂದು ಕೆಲಸಕ್ಕೆ ಸೇರಿದ ದಿನ ಯಾರೋ ಸೂಪರ್‌ವೈಸರ್ ಹೇಳಿದ್ದರಂತೆ. ಅಮ್ಮ ಅದನ್ನು ವ್ರತದಂತೆ ಹಿಡಿದುಬಿಟ್ಟಳು. ನನ್ನ ಸೋದರಮಾವ ಕೊಬ್ಬರಿ ವ್ಯಾಪಾರಿ. ಬೊಂಬಾಯಿಯಲ್ಲಿ ಕೊಬ್ಬರಿ ಧಾರಣೆ ಬಿದ್ದ ಸುದ್ದಿ ಅಮ್ಮನ ಕಿವಿಯ ಮೂಲಕವೇ ಬೇರೆ ಮಂಡಿಗಳಿಗೆ ಹೋಯಿತು. ಅದೇ ದಿನ ಸಂಜೆ ಮಾವ ನಮ್ಮ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತ, ನಾಳೆ ಇನ್ನಷ್ಟು ಮಾಲು ಕೊಳ್ಳುವ ಲೆಕ್ಕಾಚಾರ ಹೇಳುತ್ತಿದ್ದರೂ ಅಮ್ಮ ತುಟಿ ಬಿಚ್ಚಲಿಲ್ಲ. ಕೈ ಸುಟ್ಟುಕೊಂಡ ಮಾವ ಆಮೇಲೆ ಎರಡು ವರ್ಷ ನಮ್ಮ ಮನೆ ಮೆಟ್ಟಿಲು ತುಳಿಯಲಿಲ್ಲ. ಶಾಲೆಯಲ್ಲಿ ನನ್ನ ಗೆಳೆಯರು ನಿಮ್ಮಮ್ಮಂಗೆ ಎಲ್ಲಾ ಗೊತ್ತಿರುತ್ತಲ್ಲೋ ಎಂದು ನನ್ನ ಸುತ್ತ ಸೇರುತ್ತಿದ್ದರು. ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಸುದ್ದಿ ತಿಳಿಯುತ್ತಿದ್ದುದು ಮಾತ್ರ ನನಗೇ.

ಅಪ್ಪ ಹೋದ ಮೇಲೆ ಅಮ್ಮ ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಅವಳನ್ನು ಆರು ತಿಂಗಳಿಗೆಂದು ಇಲ್ಲಿಗೆ ಕರೆಸಿಕೊಂಡೆ. ಅದನ್ನು ಹೇಗಾದರೂ ಮಾಡಿ ಒಂದು ವರ್ಷ ಮಾಡಬೇಕೆಂಬುದು ನನ್ನ ಒಳಗಿನ ಆಸೆ. ಆದರೆ ಎರಡನೆಯ ತಿಂಗಳಿಗೇ ಅಮ್ಮ ಬಾಡತೊಡಗಿದಳು. ನಾನು ಬೆಳಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ನನ್ನ ಹೆಂಡತಿ ಉಷಾಳ ಬ್ಯಾಂಕ್ ಕೆಲಸವೂ ಹಾಗೆಯೇ. ನಮ್ಮ ಟೌನ್‌ಹೌಸಿನಲ್ಲಿ ಹಗಲೆಲ್ಲ ಫ್ರಿಜ್ಜಿನದೊಂದೇ ಸದ್ದು. ಕನ್ನಡ ಸಿನಿಮಾ ಕ್ಯಾಸೆಟ್ಟುಗಳನ್ನು ತಂದು ವಿಸಿಆರ್ ಪಕ್ಕ ಜೋಡಿಸಿಟ್ಟೆ. ಟೀವಿಯಲ್ಲಿ ದಿನವಿಡೀ ಮಾತಾಡುವವರಿದ್ದಾರೆ, ನೋಡಮ್ಮ ಎಂದೆ. "ಅವರು ಎಲ್ಲರಿಗೂ ಕೇಳಲಿ ಅಂತ ಮಾತಾಡ್ತಾರೆ ಕಣೋ, ಅದರಲ್ಲಿ ಕೇಳೋಕೇನಿದೆ?" ಎಂದಳು. ಒಂದು ಭಾನುವಾರ ಮೆಲ್ಲಗೆ, "ನಂಜುಂಡ, ಆ ವಾಪಸ್ ಟಿಕೆಟ್ಟು ಸ್ವಲ್ಪ ಬೇಗನೆ ಮಾಡ್ಸೋಕಾಗುತ್ತಾ ನೋಡು" ಎಂದಳು. ನೋಡ್ತೀನಮ್ಮ ಎಂದು ಸುಳ್ಳು ಹೇಳಿದೆ, ನೋಡಲಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ಮನೆಗೆ ಬಂದರೆ ಅಮ್ಮ ಮನೆಯ ಹಿಂದಿನ ಮರದ ಜಗಲಿಯ, ಅಂದರೆ ಡೆಕ್ಕಿನ ಮೇಲೆ ಪಕ್ಕದ ಮನೆಯ ಕಡೆ ಕಿವಿ ಕೊಟ್ಟು ನಿಂತಿದ್ದಾಳೆ. ಮುಖದಲ್ಲಿ ಎರಡು ತಿಂಗಳಿಂದ ಕಾಣದ ಕಳೆ. ಪಕ್ಕದ ಮನೆಯಲ್ಲಿ ಒಬ್ಬಂಟಿ ಮುದುಕರೊಬ್ಬರಿದ್ದಾರೆ. ಕಿಟಕಿ ತೆರೆದೇ ಇಟ್ಟುಕೊಳ್ಳುವ ಅಭ್ಯಾಸ. ಒಳಗಿನಿಂದ ಕರಕರ ಸದ್ದಿನ ನಡುವೆ ಗಂಡಸು, ಹೆಂಗಸಿನ ಚುಟುಕು ಮಾತುಗಳು ಬರುತ್ತಿದ್ದವು. ಅಮ್ಮ ನನ್ನನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟು, "ಪಕ್ಕದ ಮನೇಲಿ ಎಕ್ಸ್‌ಚೇಂಜ್ ಇದೆ ಕಣೋ!" ಎಂದಳು.

ಅದು ಸ್ಕ್ಯಾನರ್. ಪೊಲೀಸರು, ಫೈರ್ ಇಂಜಿನ್ನಿನವರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತನ್ನು ಒಂದಾದ ಮೇಲೊಂದು ಹಿಡಿದು ಕೇಳಿಸುವ ರೇಡಿಯೋ. ನಾವು ಕೇಳಬಹುದು, ಮಾತಾಡುವಂತಿಲ್ಲ. ಇಲ್ಲಿನ ನಿವೃತ್ತ ಜನಕ್ಕೆ ಅದೊಂದು ಹವ್ಯಾಸ. ಅಮ್ಮನಿಗೂ ಒಂದು ತಂದುಕೊಟ್ಟುಬಿಟ್ಟರೆ ಟಿಕೆಟ್ಟಿನ ಮಾತು ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಮರುದಿನವೇ ಆಫೀಸಿನಿಂದ ನೇರವಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಯಾರಿಗೆ ಬೇಕು ಎಂದು ಅಂಗಡಿಯವನು ಕೇಳಿದ. ತಾಯಿಗೆ ಎಂದೆ. ದೊಡ್ಡ ಅಂಕಿಗಳ ಟೆಲಿಫೋನು ತೋರಿಸಿದ. ಅಲ್ಲ, ಪೊಲೀಸ್ ಸ್ಕ್ಯಾನರ್ ಎಂದೆ. ಅವನು ಇನ್ನೇನೂ ಕೇಳದೆ ಶೆಲ್ಫಿನ ಕಡೆ ಕೈ ತೋರಿಸಿದ.

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಅಮ್ಮನಿಗೆಂದು ಹೋದವನು ಕೊಂಡದ್ದು ನನಗೆಂದು. ಇನ್ನೂರು ಚಾನೆಲ್ಲು, ಕ್ಯಾಲ್ಕುಲೇಟರಿಗಿಂತ ಹೆಚ್ಚು ಗುಂಡಿಗಳು, ಹಸಿರು ಬೆಳಕಿನ ಪರದೆ. ಎತ್ತಿಕೊಂಡರೆ ಕೆಳಗಿಡಲು ಮನಸ್ಸೇ ಬರಲಿಲ್ಲ. ಜೊತೆಗೆ ಯಾವ ಊರಿನ ಪೊಲೀಸರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆಂದು ತಿಳಿಸುವ ದಪ್ಪ ಪುಸ್ತಕ ಬೇರೆ. ಮ್ಯಾನ್ಯುಯಲ್ಲನ್ನು ಮೊದಲ ದಿನ ಓದಲಿಲ್ಲ. ಅಡುಗೆ ಭಟ್ಟ ಬೇರೆ ಭಟ್ಟನ ಸಾರಿಗೆ ಮೂಗು ಮುರಿಯುವಂಥದೇ ಬುದ್ಧಿ. ಎರಡನೆಯ ದಿನ ಕದ್ದು ಓದಿದೆ. ಮೂರನೆಯ ದಿನ ಪೆನ್ಸಿಲ್ ಹಿಡಿದು ಓದಿದೆ. ಇಷ್ಟಾದ ಮೇಲೆ ಆ ಯಂತ್ರದಿಂದ ಡಲೆಸ್ ಏರ್‌ಪೋರ್ಟಿನ ಹವಾಮಾನವೂ ಯಾವುದೋ ಟ್ಯಾಕ್ಸಿಯವನು ವಿಳಾಸ ಸಿಗದೆ ಬೈದುಕೊಳ್ಳುವುದೂ ಕೇಳಿಸಿದವು. ಉಳಿದಂತೆ ಒಗ್ಗರಣೆ ಸದ್ದು.

ಅಮ್ಮ ಮೂರು ದಿನವೂ ಪಕ್ಕದಲ್ಲಿ ಕೂತು ಸೈರಿಸಿಕೊಂಡಳು. ನಾಲ್ಕನೆಯ ದಿನ ಕನ್ನಡಕ ಏರಿಸಿ, "ಈ ಗುಂಡಿ ಏನು ಮಾಡುತ್ತೆ?" ಎಂದಳು.

"ಒಂದ್ಸಲ ಒತ್ತಿದ್ರೆ ಸ್ಕ್ಯಾನ್ ಆಗುತ್ತಮ್ಮ. ಒತ್ತಿ ಹಿಡ್ಕೊಂಡ್ರೆ ಬ್ಯಾಂಕ್, ಅಂದ್ರೆ ಚಾನೆಲ್ಲುಗಳ ಗುಂಪು, ಬದಲಾಗುತ್ತೆ. ಮೊದಲು ಆ ಗುಂಡಿ ಒತ್ತಿ ಆಮೇಲೆ ಇದನ್ನ ಒತ್ತಿದ್ರೆ ಲಾಕ್ ಆಗುತ್ತೆ."

"ನಮ್ಮ ಬೋರ್ಡಲ್ಲಿ ಮುನ್ನೂರು ತೂತಿದ್ದವು ಕಣೋ. ಒಂದು ತೂತಿಗೆ ಒಂದೇ ಕೆಲಸ. ಕತ್ತಲಲ್ಲೂ ಕೈ ತಾನಾಗೇ ಹೋಗ್ತಿತ್ತು. ಇದರಲ್ಲಿ ಒಂದೇ ಗುಂಡಿಗೆ ಮೂರು ಕೆಲಸ ಕೊಟ್ಟು ಅದರ ತಲೇನೂ ಕೆಡಿಸಿದ್ದಾರೆ, ನಿನ್ನ ತಲೇನೂ ಕೆಡಿಸಿದ್ದಾರೆ. ಸುಲಭ ಅಂತ ಇಷ್ಟುದ್ದ ಬರೆದಿದ್ದಾರಲ್ಲ, ಸುಲಭವಾಗಿದ್ದಿದ್ರೆ ಇಷ್ಟು ಯಾಕೆ ಬರೀಬೇಕಿತ್ತು?"

ಹತ್ತು ವರ್ಷದ ನನ್ನ ವೃತ್ತಿಜೀವನಕ್ಕೆ ಒಂದೇ ಏಟಿಗೆ ಮಂಗಳ ಹಾಡಿದಳು. ಅಡುಗೆಮನೆಯಿಂದ ಉಷಾ, "ಅತ್ತೆ, ಇದನ್ನ ಇವರ ಆಫೀಸಲ್ಲಿ ಬಂದು ಒಂದ್ಸಲ ಹೇಳಿ" ಎಂದು ತುಪ್ಪ ಸುರಿದಳು.

ಶನಿವಾರ ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಅಮ್ಮ ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು ತೊಟ್ಟು, ಶೆಲ್ಫಿನಲ್ಲಿದ್ದ ಎಲ್ಲ ಸ್ಕ್ಯಾನರುಗಳನ್ನೂ ಒಂದೊಂದಾಗಿ ಚಾಲೂ ಮಾಡಿಸಿದಳು. ಯಾವುದನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದಳು, ಆಮೇಲೆ ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿ ಸ್ವಿಚ್ಚು ಸಿಗುತ್ತದೆಯೇ ಎಂದು ಪರೀಕ್ಷಿಸಿದಳು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ, ಹತ್ತೇ ಚಾನೆಲ್ಲಿನ ಒಂದು ಬಡಪಾಯಿಯನ್ನು ಆರಿಸಿದಳು. ಎರಡು ತಿರುಪು: ಒಂದು ಸದ್ದಿಗೆ, ಇನ್ನೊಂದು ಕರಕರವನ್ನು ಅಡಗಿಸಲಿಕ್ಕೆ. ಯಾವ ಚಾನೆಲ್ಲಿನಲ್ಲಿ ಮಾತು ಬರುತ್ತಿದೆಯೋ ಅದರ ಅಂಕಿ ಕೆಂಪಗೆ, ದೊಡ್ಡದಾಗಿ ಕಾಣುತ್ತಿತ್ತು. "ಹತ್ತು ಲೈನು ಸಾಕು. ಅದಕ್ಕಿಂತ ಹೆಚ್ಚಿಗೆ ಒಬ್ಬ ಆಪರೇಟರ್‌ಗೆ ಕೊಡಬಾರದು" ಎಂದಳು. ಅಂಗಡಿಯವನು ನಮ್ಮ ಕಡೆಯ ಪೊಲೀಸು, ಫೈರು, ಟೋಲ್ ರೋಡಿನ ಗಸ್ತಿನವರು ಎಲ್ಲರನ್ನೂ ಹತ್ತು ಚಾನೆಲ್ಲಿಗೆ ತಾನೇ ತುಂಬಿಕೊಟ್ಟ. ನಿಮ್ಮ ತಾಯಿ ಪೊಲೀಸ್ ಇಲಾಖೆಯಲ್ಲಿದ್ದರೇ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಮ್ಮನೇ ಇಂಗ್ಲಿಷಿನಲ್ಲಿ, "ಟೆಲಿಫೋನ್ಸ್. ತರ್ಟಿ ಒನ್ ಇಯರ್ಸ್" ಎಂದಳು. ಅವನು ಬಾಗಿಲವರೆಗೂ ಡಬ್ಬ ಹೊತ್ತು ತಂದುಕೊಟ್ಟ.

ಅಂದಿನಿಂದ ನಮ್ಮ ಡೈನಿಂಗ್ ಟೇಬಲ್ಲಿನ ಒಂದು ಮೂಲೆ ತಿಪಟೂರಾಯಿತು. ಬೆಳಗ್ಗೆ ಸ್ನಾನ, ಪೂಜೆ, ಉಪ್ಪಿಟ್ಟು ಮುಗಿಸಿ ಒಂಬತ್ತಕ್ಕೆ ಸರಿಯಾಗಿ ಕಿವಿಗೆ ಇಯರ್‌ಫೋನು. ಒಂದಕ್ಕೆ ಊಟ, ಮೂರೂವರೆಗೆ ಕಾಫಿ. ನನ್ನ ಆಫೀಸಿನಿಂದ ತಂದ ಚೀಟಿ ಪ್ಯಾಡಿನ ಮೇಲೆ ಪ್ರತಿ ಮಾತುಕತೆಗೂ ಒಂದು ದಾಖಲೆ. ಬೆಕ್ಕು ಮರ ಹತ್ತಿ ಇಳಿಯದಿದ್ದರೆ ಆರ್ಡಿನರಿ. ಕಾರಿಗೆ ಕಾರು ಗುದ್ದಿದರೆ ಅರ್ಜೆಂಟ್. ಯಾರಿಗಾದರೂ ಎದೆನೋವೆಂದರೆ ಲೈಟ್ನಿಂಗ್. ಆಗ ಆಂಬುಲೆನ್ಸು ಆಸ್ಪತ್ರೆ ಮುಟ್ಟುವವರೆಗೆ ಅಮ್ಮ ಕಾಫಿಗೂ ಏಳುತ್ತಿರಲಿಲ್ಲ. ಪೊಲೀಸರ ಸಂಕೇತದ ಅಂಕಿಗಳನ್ನೆಲ್ಲ ಎರಡೇ ವಾರದಲ್ಲಿ ಕಲಿತಳು. ಪೊಲೀಸರನ್ನು ಅಲ್ಲಿಗಿಲ್ಲಿಗೆ ಕಳಿಸುವ ಮಧ್ಯಾಹ್ನದ ಪಾಳಿಯ ಡಿಸ್‌ಪ್ಯಾಚರ್ ಹೆಂಗಸಿನ ಬಗ್ಗೆ ಮಾತ್ರ ಅಸಮಾಧಾನವಿತ್ತು. "ಕೆಲಸ ಚೆನ್ನಾಗಿ ಮಾಡ್ತಾಳೆ ಪಾಪ, ಆದರೆ ಯಾರಿಗೂ ಪ್ಲೀಸ್ ಅನ್ನಲ್ಲ" ಎನ್ನುತ್ತಿದ್ದಳು. ಅಮ್ಮನ ಕೆನ್ನೆ ತುಂಬಿಕೊಂಡಿತು. ಉಷಾ ಮತ್ತು ನಾನು ಮುಖ ಮುಖ ನೋಡಿಕೊಂಡು ಸಂತೋಷಪಟ್ಟೆವು.

ಒಂದೇ ಒಂದು ಕೊರತೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಮಗೆ ಸ್ವಾರಸ್ಯವಾಗಿ ನಾಲ್ಕು ಸುದ್ದಿ ಹೇಳುತ್ತಾಳೆಂದು ಕಾದಿದ್ದೆವು. ಇವತ್ತೇನಮ್ಮ ವಿಶೇಷ ಎಂದರೆ, "ಹುಳಿ ಹಾಕ್ಲಾ?" ಎನ್ನುತ್ತಿದ್ದಳು. ವ್ರತ ಸಮುದ್ರ ದಾಟಿದರೂ ಕೆಟ್ಟಿರಲಿಲ್ಲ. ಒಮ್ಮೆ ಕನ್ನಡದವರೆಲ್ಲ ನಮ್ಮ ಮನೆಯಲ್ಲಿ ಸೇರಿದಾಗ ಉಷಾಳ ಗೆಳತಿಯೊಬ್ಬಳು, "ಆಂಟಿ, ನಮ್ಮ ಕಾಂಪ್ಲೆಕ್ಸಿಗೆ ಗುರುವಾರ ಮೂರು ಪೊಲೀಸ್ ಕಾರ್ ಬಂದಿದ್ವಲ್ಲ, ಯಾರ ಮನೆಗೆ? ಪ್ಲೀಸ್ ಹೇಳಿ, ನಂಗೆ ನಿದ್ದೇನೇ ಬರ್ತಿಲ್ಲ" ಎಂದು ಗೋಗರೆದಳು. ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಅವಳ ತಟ್ಟೆಗೆ ಇನ್ನೊಂದು ಆಂಬೊಡೆ ಹಾಕಿ, "ಸರಿಯಾಗಿ ಕೇಳಿಸ್ಲಿಲ್ಲಮ್ಮ" ಎಂದಳು.

ಈಗ ಆ ಗುರುವಾರವನ್ನು ಬಿಟ್ಟು ನನ್ನ ಮಂಗಳವಾರಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಇನ್ನೊಂದು ವಿಷಯ ತಿಳಿಸಬೇಕು. ಆ ಹಿಂದಿನ ತಿಂಗಳು ಉಷಾಗೆ ಸ್ಪೀಡಿಂಗ್ ಟಿಕೆಟ್, ಅಂದರೆ ಅತಿವೇಗಕ್ಕೆ ದಂಡದ ಚೀಟಿ, ಸಿಕ್ಕಿತ್ತು. ಜವಾಬ್ದಾರಿ, ಇನ್ಶೂರೆನ್ಸು, ಮನುಷ್ಯ ಜೀವದ ಬೆಲೆ ಇವುಗಳ ಮೇಲೆ ನಾನು ಅವಳಿಗೆ ಒಂದು ವಾರ ಉಪನ್ಯಾಸ ಕೊಟ್ಟಿದ್ದೆ. ಅಂಥ ನನ್ನನ್ನು ಮಂಗಳವಾರ ಸಂಜೆ ಡಲೆಸ್ ಟೋಲ್ ರೋಡಿನಲ್ಲಿ, ಐವತ್ತೈದು ಮೈಲಿ ಮಿತಿಯ ಜಾಗದಲ್ಲಿ ಎಪ್ಪತ್ತೊಂದರಲ್ಲಿ ಹೋಗುತ್ತಿದ್ದಾಗ, ಪೊಲೀಸನೊಬ್ಬ ಹಿಡಿದ. ನನ್ನ ಲೈಸೆನ್ಸು ಇಸಿದುಕೊಂಡು ತನ್ನ ಕಾರಿಗೆ ಹೋಗಿ ಮೈಕು ಹಿಡಿದು ಬಹಳ ಹೊತ್ತು ಒದ್ದಾಡಿದ. ನಂಜುಂಡಸ್ವಾಮಿ ಎಂಬ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವುದು ಅವನಿಗೂ ಕಷ್ಟವೇ. ನಾನು ಸ್ಟಿಯರಿಂಗ್ ಹಿಡಿದು, ಮನೆಯಲ್ಲಿ ಏನು ಸುಳ್ಳು ಹೇಳುವುದೆಂದು ಯೋಚಿಸುತ್ತ ಕೂತಿದ್ದೆ. ಅವನು ಯಾವ ಚಾನೆಲ್ಲಿನಲ್ಲಿ ಒದ್ದಾಡುತ್ತಿದ್ದಾನೆ ಎಂಬುದು ಆ ಕ್ಷಣಕ್ಕೆ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಯಾಕ್ರೀ ಇಷ್ಟು ಲೇಟು?" ಎಂದು ಉಷಾ ಬಾಗಿಲಲ್ಲೇ ಕೇಳಿದಳು.

"ಮೀಟಿಂಗ್ ಮುಗೀಲೇ ಇಲ್ಲ" ಎಂದೆ.

ಅಮ್ಮ ತಲೆ ಎತ್ತದೆ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಊಟವಾಯಿತು. ಉಷಾ ಒಗೆದ ಬಟ್ಟೆ ತರಲು ಬೇಸ್‌ಮೆಂಟಿಗೆ ಇಳಿದ ಮೇಲೆ ಅಮ್ಮ ಸೊಂಟದಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟಳು. ಮುತ್ತು ಪೋಣಿಸಿದಂಥ ಅಕ್ಷರ. ಶುರು: ಐದು ಐವತ್ತೆರಡು. ಮುಗಿದದ್ದು: ಆರು ಆರು. ಪಾರ್ಟಿ: ನನ್ನ ಹೆಸರು, ಒಂದು ಅಕ್ಷರವೂ ತಪ್ಪಿಲ್ಲದೆ. ವಿವರ: 71/55. ಕೊನೆಯಲ್ಲಿ, ಆರ್ಡಿನರಿ. ಇಷ್ಟು ದೊಡ್ಡ ಆಘಾತವನ್ನು ಬೆಕ್ಕಿನ ಸಾಲಿಗೆ ಸೇರಿಸಿದ್ದಳಲ್ಲ ಎಂದು ನನಗೆ ಸ್ವಲ್ಪ ಅವಮಾನವೂ ಆಯಿತು.

"ಅಮ್ಮ, ಉಷಾಗೆ..."

"ಲೈನಲ್ಲಿ ಕೇಳಿದ್ದನ್ನ ನಾನು ಯಾವತ್ತಾದ್ರೂ ಯಾರಿಗಾದ್ರೂ ಹೇಳಿದ್ದೀನಾ?" ಅಮ್ಮನಿಗೆ ನಿಜವಾಗಿ ಬೇಸರವಾಗಿತ್ತು. ಚೀಟಿಯ ಮೇಲೆ ಬೆರಳಿಟ್ಟು, "ನಿನ್ನ ಹೆಸರು ಶುರುವಾದಾಗ ಎದ್ದು ನಿಂತ್ಬಿಟ್ಟೆ ಕಣೋ. ಏನಾಯ್ತೋ ಅಂತ. ಸ್ಪೀಡು ಅಂದಮೇಲೆ ಉಸಿರು ಬಂತು. ಆಮೇಲೆ ಕೋಪ ಬಂತು" ಎಂದಳು.

ನಾನು ತಪ್ಪಾಯಿತೆಂದೆ. ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಚೀಟಿಯನ್ನು ಮತ್ತೆ ಮಡಿಸಿಟ್ಟುಕೊಂಡು, "ಆರು ತಿಂಗಳಿಗೆ ಹೊರಡೋದು ಬೇಡ. ವೀಸಾ ಎಕ್ಸ್‌ಟೆನ್ಷನ್ನಿಗೆ ಏನು ಬರೀಬೇಕೋ ಬರಿ. ದಿನಾ ಸಂಜೆ ನೀನು ಮನೆ ಮುಟ್ಟೋವರೆಗೂ ಯಾರಾದ್ರೂ ಲೈನ್ ಮೇಲೆ ಇರಬೇಕು" ಎಂದಳು.

ಅಷ್ಟು ದಿನ ಯಾವ ಮಾತಿಗಾಗಿ ಇಡೀ ಅಂಗಡಿ ಬೀದಿ ಸುತ್ತಿದ್ದೆನೋ ಆ ಮಾತು ಹೀಗೆ ಬಂತು. ಅರ್ಜಿ ಕಳಿಸಿದ್ದೇನೆ. ಅಮ್ಮ ಇದ್ದಾಳೆ, ಸುಖವಾಗಿದ್ದಾಳೆ. ನಾನೂ ಸುಖವಾಗಿಯೇ ಇದ್ದೇನೆ. ಟೋಲ್ ರೋಡಿನಲ್ಲಿ ಐವತ್ತೈದಕ್ಕೆ ಒಂದು ಕೂದಲೂ ಮೀರದೆ ಬರುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಪಕ್ಕದಲ್ಲಿ ಹಾದುಹೋಗುತ್ತ ಕೈ ತೋರಿಸುತ್ತಾರೆ. ಮೊನ್ನೆ ನನ್ನ ಪಕ್ಕ ಕೂತಿದ್ದ ಉಷಾ, "ಸ್ವಲ್ಪ ಫಾಸ್ಟಾಗಿ ಹೋಗ್ರೀ, ಅಲ್ಲಿ ಅತ್ತೆ ಕಾಯ್ತಿರ್ತಾರೆ" ಎಂದಳು. ಅತ್ತೆ ಕಾಯುತ್ತಿರುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು.