ಎರಡೂ ಗಾಲಿ ತಿರುಗಿದ ದಿನ

ಪಿಕಪ್ಪಣ್ಣನ ಗಾಡಿಯ ಹಿಂದಿನ ಗಾಲಿಗೆ ದಿಬ್ಬದ ತಿರುವಿನ ಕೆಸರಿನ ಮೇಲೆ ಅದೇನು ಮೋಹವೋ, ಅಲ್ಲಿಗೆ ಬಂದ ಕೂಡಲೇ ಗರಗರ ತಿರುಗುತ್ತಾ ನಿಂತುಬಿಡುತ್ತಿತ್ತು. ದಿಬ್ಬದ ಮೇಲಿನ ಹಾಸ್ಟೆಲ್ಲಿಗೆ ದಿನಾ ಬೆಳಿಗ್ಗೆ ತರಕಾರಿ ಮುಟ್ಟಿಸುವುದು ಅವನ ಕೆಲಸ. ಊರಿಗೆ ಊರೇ ಬಿಸಿಲಿಗೆ ಬಾಯಿ ಬಿಟ್ಟುಕೊಂಡಿದ್ದರೂ ಆ ತಿರುವಿನಲ್ಲಿ ಮಾತ್ರ ಕೆಸರೋ ಕೆಸರು. "ಎಲ್ಲೋ ಪೈಪ್ ಒಡೆದಿದೆ ಕಣಯ್ಯ" ಎಂದು ಅವನ ಪಕ್ಕದ ಮನೆಯ ರಿಟೈರ್ಡ್ ಬಸ್ ಕಂಡಕ್ಟರ್ ತೀರ್ಪು ಕೊಟ್ಟಿದ್ದರು. ಎಲ್ಲರೂ ಒಪ್ಪಿಕೊಂಡಿದ್ದರು.

ಕೆಸರಿನ ಎದುರಿಗೇ ಟೈಲರಮ್ಮನ ಮನೆ. ಗಾಲಿ ಗರಗರ ಎಂದದ್ದೇ ಹೊಲಿಗೆ ಮಿಷನ್ನಿನ ಸದ್ದು ನಿಲ್ಲುತ್ತಿತ್ತು. ಕೊರಳಲ್ಲಿ ಟೇಪು, ಕೈಯಲ್ಲಿ ಹಳೇ ಗೋಣಿತಾಟು, ಅವಳು ಹೊರಗೆ ಬರುತ್ತಿದ್ದಳು.

"ಗಾಬರಿ ಬೀಳ್ಬೇಡಿ. ಕಾಲು ತೆಗೀರಿ. ನಾನು ಬಂದೆ."

ಅವನು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆಯುತ್ತಲೇ ಗೋಣಿತಾಟನ್ನು ಗಾಲಿಯಡಿ ತುರುಕಿ, ಹಣೆಯ ಬೆವರು ಒರೆಸಿಕೊಂಡು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವಳು. ಪಿಕಪ್ಪಣ್ಣನಿಗೆ ಲೋಕದ ಮಾತೆಲ್ಲ ಮರೆತುಹೋಗಿ, "ಇವತ್ತು ಬೀನ್ಸ್ ಎಳೇದಿದೆ" ಎನ್ನುವನು. ಅವಳು "ಹೌದಾ?" ಎನ್ನುವಳು. ಆ ಒಂದು "ಹೌದಾ"ದ ಮೇಲೆ ಅವನು ಮಾರನೇ ಬೆಳಗಿನವರೆಗೆ ಬದುಕುತ್ತಿದ್ದ. ರಾತ್ರಿ ತಟ್ಟೆಯ ಮುಂದೆ ಕೂತರೂ ಗೋಣಿತಾಟೇ ಕಣ್ಣೆದುರು.

ಮದುವೆಯ ಮಾತು ಗಂಟಲಲ್ಲೇ ಇತ್ತು. ಆದರೆ ಕೆಸರಲ್ಲಿ ಹೂತುಕೊಂಡವನು ಯಾವ ಬಾಯಲ್ಲಿ ಕೇಳುವುದು? "ದಿಬ್ಬ ಹತ್ತಿಸಲಾರದವನು ಸಂಸಾರ ಎಳೆದಾನೇ?" ಎಂದುಬಿಟ್ಟರೆ? ಒಂದು ದಿನವಾದರೂ ಗಂಡಸಿನಂತೆ ಗಾಡಿ ಹತ್ತಿಸಿ, ಅವಳ ಬಾಗಿಲ ಮುಂದೆ ತಾನಾಗಿ ನಿಲ್ಲಿಸಿ, ಇಳಿದು ಕೇಳಬೇಕು. ಹೀಗೆ ನಿಶ್ಚಯಿಸಿ ಅವನು ಮೆಕ್ಯಾನಿಕ್ ಹತ್ತಿರ ಹೋದ.

ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿಕೊಂಡೇ ಹೇಳಿದ: "ನಿನ್ ಹಿಂದಿನ ಡಿಫರೆನ್ಷಿಯಲ್ದೇ ತಕರಾರು. ಎರಡು ಗಾಲಿಗೂ ಶಕ್ತಿ ಹಂಚೋದು ಅದೇ. ಒಂದು ಗಾಲಿ ಜಾರಿದ್ರೆ ಇಂಜಿನ್ ಶಕ್ತಿಯೆಲ್ಲ ಆ ಜಾರೋದಕ್ಕೇ ಹೋಗತ್ತೆ. ಗಟ್ಟಿ ನೆಲದ ಮೇಲಿರೋದು ಸುಮ್ನೆ ಕೂತಿರತ್ತೆ. ಮನೇಲಿ ರಂಪ ಮಾಡೋ ಮಗನಿಗೇ ತುತ್ತು ಜಾಸ್ತಿ, ಅಲ್ವಾ, ಹಾಗೆ."

"ಅದಕ್ಕೇನು ಮಾಡೋಣ?"

"ಇದನ್ನ ಬಿಚ್ಚಿ ಲಾಕ್ ಇರೋದು ಹಾಕೋಣ. ಎರಡೂ ಗಾಲಿ ಜೊತೇಲೇ ತಿರುಗ್ತವೆ, ಗಂಡ ಹೆಂಡ್ತಿ ಥರ."

ಆ ಕೊನೇ ಮಾತಿಗೇ ಪಿಕಪ್ಪಣ್ಣ ಒಪ್ಪಿದ. ಹಳೆಯದನ್ನು ಏನು ಮಾಡುತ್ತೀಯ ಎಂದು ಕೇಳಲೂ ಇಲ್ಲ.

ಗಾಡಿ ಮನೆಗೆ ಬಂದ ಬೆಳಿಗ್ಗೆ ಅತ್ತಿಗೆ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, "ಇವತ್ತಾದ್ರೂ ಬೀನ್ಸ್ ವಿಷ್ಯ ಬಿಟ್ಟು ಬೇರೆ ಮಾತಾಡಪ್ಪ. ನಾನೇ ಜೊತೇಲಿ ಬರ್ತೀನಿ" ಎಂದು ಮುಂದಿನ ಸೀಟಿನಲ್ಲಿ ಕೂತರು. ಕಂಡಕ್ಟರ್ ತಮ್ಮ ಹಳೇ ಸೀಟಿಯನ್ನು ಹುಡುಕಿ ತಂದು ಹಿಂದೆ ಟೊಮೇಟೊ ಕ್ರೇಟುಗಳ ನಡುವೆ ನಿಂತರು.

"ಆಯಮ್ಮನ ಮನೆ ಬಂದ ತಕ್ಷಣ ಒಂದೇ ಒಂದು ಸೀಟಿ ಊದ್ತೀನಿ. ನಿಲ್ಲಿಸ್ಬಿಡು. ನನ್ನ ಸರ್ವೀಸಲ್ಲಿ ಒಂದು ಸ್ಟಾಪೂ ತಪ್ಪಿಲ್ಲ."

ಲಾಕ್ ಆದ ಗಾಡಿಗೆ ಗಟ್ಟಿ ರಸ್ತೆಯಲ್ಲಿ ತಿರುಗುವುದೆಂದರೆ ಆಗದು ಎಂಬುದು ಗೊತ್ತಾದದ್ದು ಬೀದಿಯ ಮೂಲೆಯಲ್ಲಿ. ಸ್ಟೇರಿಂಗ್ ಎಡಕ್ಕೆ ಎಳೆದರೆ ಗಾಡಿ ಕಿರ್ರೆಂದು ಕಿರುಚಿಕೊಂಡು ನೇರ ಹೋಗಿ ಪಾತ್ರೆ ಅಂಗಡಿಯವನ ಬಕೆಟ್ಟುಗಳ ಗೋಪುರಕ್ಕೆ ಗುದ್ದಿತು. ಬಕೆಟ್ಟುಗಳು ಬೀದಿಯುದ್ದಕ್ಕೂ ಉರುಳಿದವು.

"ಕಣ್ಣು ತಲೇಲಿದೆಯೋ ಡಿಕ್ಕಿಲಿದೆಯೋ?" ಎಂದು ಅಂಗಡಿಯವನು ಕೂಗಿದ.

"ಡಿಫರೆನ್ಷಿಯಲ್ಲಲ್ಲಿದೆ!" ಎಂದು ಕಂಡಕ್ಟರ್ ಹಿಂದಿನಿಂದ ಉತ್ತರ ಕೊಟ್ಟು ಬೆಂಕಿಗೆ ತುಪ್ಪ ಸುರಿದರು.

ಬಕೆಟ್ಟುಗಳನ್ನು ಹೆಕ್ಕಿ ಜೋಡಿಸಿ, ಕೈ ಮುಗಿದು ಹೊರಡುವಷ್ಟರಲ್ಲಿ ಉರುಳಿದ ಕ್ರೇಟನ್ನು ಎತ್ತಲು ಹೋಗಿ ಇಸ್ತ್ರಿ ಅಂಗಿಗೆ ಟೊಮೇಟೊ ಮೆತ್ತಿಕೊಂಡಿತ್ತು. "ಇರ್ಲಿ ಬಿಡು, ಟೈಲರ್ ಅಲ್ವಾ, ಬೇರೆ ಹೊಲೀತಾಳೆ" ಎಂದರು ಅತ್ತಿಗೆ. ಪಿಕಪ್ಪಣ್ಣನಿಗೆ ಅಷ್ಟರಲ್ಲೇ ಆ ಅಂಗಿ ತೊಟ್ಟಂತಾಯಿತು.

ದಿಬ್ಬ ಬಂತು. ಕೆಸರಿಗಿಳಿದ ಗಾಡಿ ಒಮ್ಮೆ ಮೈ ಕೊಡವಿತು, ಆಮೇಲೆ ಎರಡೂ ಗಾಲಿ ಕಚ್ಚಿ ಹಿಡಿದು ಹತ್ತತೊಡಗಿದವು. ಅಯ್ಯೋ ಆ ಸುಖವೇ! ಬಾಗಿಲಲ್ಲಿ ಟೈಲರಮ್ಮ ಗೋಣಿತಾಟು ಹಿಡಿದು ಆಗಲೇ ನಿಂತಿದ್ದಳು. ಪಿಕಪ್ಪಣ್ಣ ಸೀಟಿಗಾಗಿ ಕಿವಿ ನಿಮಿರಿಸಿದ.

ಆದರೆ ಹತ್ತುತ್ತಿರುವ ಗಾಡಿಯನ್ನು ಕಂಡು ಕಂಡಕ್ಟರಿಗೆ ಹಳೇ ಉತ್ಸಾಹ ಉಕ್ಕಿಬಿಟ್ಟಿತು. ಪೀಂ ಪೀಂ! ಎಂದು ಎರಡು ಸೀಟಿ ಊದಿ, ಗಾಡಿಯ ಮೈ ಬಡಿದು, "ರೈಟ್! ರೈಟ್! ಹೋಗ್ಲಿ ಹೋಗ್ಲಿ!" ಎಂದು ಅರಚಿದರು.

"ನಿಲ್ಸೋ! ನಿಲ್ಸೋ!" ಎಂದರು ಅತ್ತಿಗೆ. ಪಿಕಪ್ಪಣ್ಣನ ಕಾಲು ಯಾರ ಮಾತು ಕೇಳಬೇಕೋ ತಿಳಿಯದೆ ಆಕ್ಸಿಲರೇಟರನ್ನೇ ತುಳಿಯಿತು. ಇಷ್ಟು ದಿನ ಒಂದು ಗಾಲಿ ಎರಚುತ್ತಿದ್ದ ಕೆಸರನ್ನು ಇಂದು ಎರಡೂ ಎರಚಿದವು. ಕನ್ನಡಿಯಲ್ಲಿ ಅವಳು ಕೆಸರಿನ ಬೊಂಬೆಯಂತೆ ನಿಂತದ್ದು ಕಂಡಿತು.

ಹಾಸ್ಟೆಲ್ ಮುಂದೆ ಗಾಡಿ ನಿಲ್ಲಿಸಿ, ಇಬ್ಬರನ್ನೂ ಅಲ್ಲೇ ಬಿಟ್ಟು ಪಿಕಪ್ಪಣ್ಣ ಇಳಿಜಾರಿನಲ್ಲಿ ಓಡಿ ಬಂದ. ಕೆಸರಿನ ಹತ್ತಿರ ಕಾಲು ಜಾರಿ, ಸೀದಾ ಅವಳ ಬಾಗಿಲ ಮುಂದೆ ಕುಕ್ಕರಿಸಿದ. ಅವಳು ನಗಲಿಲ್ಲ. ಮುಖ ತೊಳೆಯುತ್ತಿದ್ದಳು.

"ಯಾಕೆ ಬಂದ್ರಿ? ಗಾಡಿ ಇನ್ಮೇಲೆ ನಿಲ್ಲಲ್ವಲ್ಲ."

"ನಿಮ್ಮ ಹತ್ರ ಒಂದು ಮಾತು..."

"ಮಾತಿದ್ದಿದ್ರೆ ನಿಲ್ಲಿಸ್ತಿದ್ರಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಬಿಸಿಲಲ್ಲಿ ಇಲ್ಲೊಂದೇ ಕಡೆ ಹೇಗೆ ಕೆಸರಿರತ್ತೆ ಅಂತ ಒಂದಿನವಾದ್ರೂ ಯೋಚ್ನೆ ಮಾಡಿದ್ರಾ?"

"ಪೈಪ್ ಒಡೆದಿದೆ ಅಂತ ಕಂಡಕ್ಟರು..."

"ನಿಮ್ಮ ತಲೆ! ಬೆಳಗಾಗೋದ್ರೊಳಗೆ ಬಕೆಟ್ ಹೊತ್ತು ಹೊತ್ತು ಸುರಿದಿದ್ದು ನಾನು. ರಟ್ಟೆ ಬಿದ್ದೋಗಿದೆ. ನಿಲ್ಲೋದು ನಿಮಗೂ ಇಷ್ಟ ಅಂದ್ಕೊಂಡಿದ್ದೆ. ನಿಲ್ದೇ ಇರೋ ಹಾಗೆ ಗಾಡೀನೇ ರಿಪೇರಿ ಮಾಡಿಸ್ಕೊಂಡ್ರಿ. ಇನ್ನೇನು ಹೇಳೋದಿದೆ?"

ಪಿಕಪ್ಪಣ್ಣ ಎದ್ದು ನಿಂತ. ಅಷ್ಟು ಬಕೆಟ್ ನೀರು ತನಗಾಗಿ! ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಈಗ ನಾಲಗೆಯ ತುದಿಗೆ ಬಂತು. "ನಾನು ರಿಪೇರಿ ಮಾಡಿಸಿದ್ದೇ ನಿಲ್ಲೋದಕ್ಕೆ ಕಣ್ರೀ, ನಿಮ್ಮನ್ನ..."

ಗರಗರ ಗರಗರ!

ಬೆನ್ನ ಹಿಂದೆ ಬ್ರೆಡ್ ವ್ಯಾನೊಂದು ಕೆಸರಲ್ಲಿ ಹೂತು ನಿಂತಿತ್ತು. ಕ್ರಾಪು ಬಾಚಿದ ತಲೆಯೊಂದು ಕಿಟಕಿಯಿಂದ ಹೊರಬಂತು. "ಏನ್ರೀ ಇದು! ನನ್ನ ಹಳೇ ಡಿಫರೆನ್ಷಿಯಲ್ ಒಡೆದು ಗಾಡಿ ಮೂಲೇಲಿತ್ತು. ಮೆಕ್ಯಾನಿಕ್ ನಿನ್ನೆ ಯಾರದೋ ಪಿಕಪ್ಪಿಂದ ಬಿಚ್ಚಿದ್ದು ಹಾಕ್ಕೊಟ್ಟ. ಒಳ್ಳೇ ಕಂಡೀಶನ್ ಅಂದಿದ್ದ!"

ಟೈಲರಮ್ಮ ಒಂದು ಗಳಿಗೆ ಪಿಕಪ್ಪಣ್ಣನನ್ನು ನೋಡಿದಳು. ಅವನು ವ್ಯಾನಿನ ಗಾಲಿಯನ್ನೇ ನೋಡುತ್ತಿದ್ದ. ಅವಳು ನಿಟ್ಟುಸಿರು ಬಿಟ್ಟು ಗೋಣಿತಾಟು ಎತ್ತಿಕೊಂಡಳು.

"ಗಾಬರಿ ಬೀಳ್ಬೇಡಿ. ಕಾಲು ತೆಗೀರಿ. ನಾನು ಬಂದೆ."

"ಅಬ್ಬಾ! ನಿಮ್ಮಂಥೋರು ಬರೋದಾದ್ರೆ ದಿನಾ ಹೂತ್ಕೊಳ್ಬೋದು ನೋಡಿ!" ಎಂದ ಬ್ರೆಡ್ಡಿನವನು, ಉಸಿರು ಕೂಡ ತೆಗೆದುಕೊಳ್ಳದೆ.

ಟೈಲರಮ್ಮ ನಕ್ಕಳು. ಬೀನ್ಸಿನ ಮಾತಿಗೆ ಅವಳು ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ಆಮೇಲೆ ಪಿಕಪ್ಪಣ್ಣನ ಕಡೆ ತಿರುಗಿ, "ಸುಮ್ನೆ ನಿಂತಿದ್ದೀರಲ್ಲ, ಹಿಂದಿನಿಂದ ಸ್ವಲ್ಪ ತಳ್ತೀರಾ?" ಎಂದಳು.

ಪಿಕಪ್ಪಣ್ಣ ಹೆಗಲು ಕೊಟ್ಟ. ಬಗ್ಗಿದಾಗ ವ್ಯಾನಿನ ಹೊಟ್ಟೆಯ ಕೆಳಗೆ ಅವನ ಡಿಫರೆನ್ಷಿಯಲ್ಲೇ ಕಂಡಿತು. ಅದು ನಿಲ್ಲುವ ಜಾಗವನ್ನು ಮರೆತಿರಲಿಲ್ಲ. ಗಾಲಿ ಗರ್ರೆಂದು ತಿರುಗಿ ಅವನ ಮುಖದ ತುಂಬ ಕೆಸರು ಎರಚಿತು, ಮತ್ತೆ ಅಲ್ಲೇ ಹೂತುಕೊಂಡಿತು.