ಅತ್ತೆಗೆ ಬೇಕಾದ ಅಗಲಬಾಯಿಯ ಲೆನ್ಸು

ಮಲ್ಲು, ಸವಿತಾ, ಪುಟ್ಟ ಗಂಗಾ, ನಿಮ್ಮ ಅಜ್ಜಿಗೆ ಮಾತು ಬರುವುದಿಲ್ಲ ಎಂದು ನೀವು ಮೂವರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೀರಿ. ಬರುವುದಿಲ್ಲ ಎಂದೇನಲ್ಲ, ಎದುರಿಗೆ ಯಾರಾದರೂ ಇದ್ದರೆ ಬರುವುದಿಲ್ಲ, ಅಷ್ಟೇ. ಕಾಗದದ ಮುಂದೆ ಆ ತೊಂದರೆಯಿಲ್ಲ. ಅದು ನನ್ನ ಮುಖ ನೋಡುವುದಿಲ್ಲ. ನಾಚಿಕೆ ಕೆಲವರಿಗೆ ಹರೆಯದಲ್ಲಿ ಬಂದು ಮದುವೆಯ ನಂತರ ಹೋಗುತ್ತದಂತೆ. ನನ್ನದು ಹುಟ್ಟಿನಿಂದ ಬಂದು ಹಾಗೇ ಕಾಯಂ ಆಯಿತು. ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗಿದಾಗ ಉತ್ತರ ಕೊಡಲು ಧೈರ್ಯ ಸಾಲದೆ ಪಕ್ಕದ ಹುಡುಗಿಯಿಂದ ‘ಬಂದಾಳ್ರೀ’ ಎಂದು ಹೇಳಿಸುತ್ತಿದ್ದೆ. ಆಕೆ ಬಾರದ ದಿನ, ನಾನು ಮುಂದಿನ ಸಾಲಿನಲ್ಲೇ ಕೂತಿದ್ದರೂ ಗೈರುಹಾಜರಿ.

ಇಂಥವಳ ಕೈಗೆ ಕ್ಯಾಮೆರಾ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಅದು ನಿಮ್ಮ ಅಜ್ಜನದು. ರಷ್ಯಾದಲ್ಲಿ ಮಾಡಿದ್ದು, ರೀಲು ಹಾಕುವಂಥದ್ದು, ಅವರು ಯಾರಿಂದಲೋ ಹಳೆಯದನ್ನು ಕೊಂಡಿದ್ದರು. ಕೊರಳಿಗೆ ಹಾಕಿಕೊಂಡರೆ ಕಲ್ಲು ಕಟ್ಟಿಕೊಂಡಂತಾಗುತ್ತಿತ್ತು. ಅವರು ಹೋದ ಮೇಲೆ ಅದು ಒಂದು ವರ್ಷ ಟ್ರಂಕಿನಲ್ಲಿ ಮಲಗಿತ್ತು. ಒಂದು ದಿನ ಸುಮ್ಮನೆ ತೆಗೆದು ಕಣ್ಣಿಗಿಟ್ಟುಕೊಂಡೆ. ಸೆರಗು ಬಿಟ್ಟರೆ ಮುಖ ಮುಚ್ಚಿಕೊಳ್ಳಲು ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂದು ಅಂದೇ ತಿಳಿಯಿತು. ಇನ್ನೊಂದು ಲಾಭವೂ ಇತ್ತು. ಮದುವೆ ಮನೆಯಲ್ಲಿ ಗಂಡ ಸತ್ತವಳು ಹಿಂದೆ ನಿಲ್ಲಬೇಕು ಎನ್ನುತ್ತಿದ್ದ ಮಂದಿಯೇ, ಕ್ಯಾಮೆರಾ ಕಂಡ ಕೂಡಲೇ ‘ಮುಂದ ಬಾ ಯವ್ವಾ, ಇಲ್ಲಿ ನಿಂದ್ರು, ಅಕ್ಕಿಕಾಳು ಬೀಳೂದು ಬರೋಬ್ಬರಿ ಬರಬೇಕು’ ಎಂದು ಜಾಗ ಬಿಡುತ್ತಿದ್ದರು. ನಾನೂ ಏನೂ ಅರಿಯದವಳಂತೆ ಮುಂದೆ ಹೋಗಿ ನಿಲ್ಲುತ್ತಿದ್ದೆ.

ತೊಂದರೆ ಬಂದದ್ದು ನನ್ನ ಅತ್ತೆಯಿಂದ, ಅಂದರೆ ನಿಮ್ಮ ಅಪ್ಪನ ಅಜ್ಜಿಯಿಂದ. ಕಮಲಾಪುರದ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾವಿಬ್ಬರೇ ಹೆಂಗಸರು. ಮಾತಿನ ಕೆಲಸವನ್ನೆಲ್ಲ ಆಕೆ ನೋಡಿಕೊಳ್ಳುತ್ತಿದ್ದಳು, ಉಳಿದ ಕೆಲಸ ನನ್ನದು. ಆಕೆಗೆ ಫೋಟೋ ಎಂದರೆ ಬಲು ಆಸೆ, ಆದರೆ ಫ್ಲ್ಯಾಷು ಮಿಂಚಿದ ಕೂಡಲೇ ಕಣ್ಣು ಮುಚ್ಚಿಬಿಡುವಳು. ಬಿಸಿಲಿನಲ್ಲಿ ಕೂರಿಸೋಣವೆಂದರೆ, ಪೊರೆ ತೆಗೆಸಿದ ಮೇಲೆ ಬಿಸಿಲಿಗೆ ಕಣ್ಣಲ್ಲಿ ಧಾರಾಕಾರ ನೀರು. ಹೀಗಾಗಿ ಮನೆಯ ಎಲ್ಲ ಫೋಟೋಗಳಲ್ಲೂ ಆಕೆ ಒಂದೋ ಮಲಗಿದ್ದಾಳೆ, ಇಲ್ಲವೇ ಅಳುತ್ತಿದ್ದಾಳೆ.

“ಏ ಕಸ್ತೂರಿ,” ಎಂದಳು ಒಂದು ದಿನ ಅಲ್ಬಮ್ಮು ಮಡಚಿಟ್ಟು. “ನಾ ಸತ್ತ ಮ್ಯಾಲ ಇವನ್ನ ನೋಡಿದವರು ಏನಂತಾರ ಗೊತ್ತದೇನು? ಈ ಮುದುಕಿ ಎಲ್ಲಾರ ಲಗ್ನದಾಗೂ ನಿದ್ದಿ ಹೊಡದಾಳ ಅಂತಾರ. ಕಣ್ಣ ಬಿಟ್ಟಿದ್ದು ಒಂದರೆ ತಗಿ.”

ನನಗೂ ಅದು ಸರಿ ಎನ್ನಿಸಿತು. ಇಡೀ ಊರಿನ ಸಂಸಾರಗಳನ್ನು ಆಕೆ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವಳು. ಆಕೆಗೆ ಈ ಅಪವಾದ ಬರಬಾರದು. ಅಲ್ಲದೆ ಆಕೆಗೆ ಎಂಬತ್ತು ದಾಟಿತ್ತು, ಹೆಚ್ಚು ಕಾಲ ಮುಂದೂಡುವ ಕೆಲಸವಲ್ಲ.

ಉಳಿದದ್ದು ಮನೆಯ ಒಳಗೆ, ಪಡಸಾಲೆಯ ಬೆಳಕಿಂಡಿಯ ಕೆಳಗೆ, ಫ್ಲ್ಯಾಷಿಲ್ಲದೆ ತೆಗೆಯುವುದು. ನಮ್ಮ ಕಲ್ಲಿನ ಗೋಡೆಯ ಮನೆ ಬೇಸಿಗೆಗೆ ತಂಪು, ಫೋಟೋಕ್ಕೆ ಕತ್ತಲೆ. ನಿಮ್ಮ ಅಜ್ಜನ ಲೆನ್ಸಿನ ಬಾಯಿ ಸಣ್ಣದು. ಅದರೊಳಗೆ ಬೆಳಕು ತುಂಬುವಷ್ಟು ಹೊತ್ತು ಕಾಯಬೇಕು, ಅಷ್ಟು ಹೊತ್ತು ಅತ್ತೆ ಅಲುಗಾಡದೆ, ಮಾತಾಡದೆ ಕೂರಬೇಕು. ಅದು ಸಾಧ್ಯವಿರಲಿಲ್ಲ. ತೆಗೆದದ್ದರಲ್ಲೆಲ್ಲ ಒಲೆಯ ಹೊಗೆಗೆ ಸೀರೆ ಉಡಿಸಿದ ಹಾಗೆ ಬಂದಳು. ಕಡಿಮೆ ಬೆಳಕಿಗೆ ಆಗುವ ರೀಲು ಕೇಳಿದರೆ ಅಂಗಡಿಯವರು ಹೈದರಾಬಾದಿಗೆ ಹೋಗಿ ಎನ್ನುತ್ತಿದ್ದರು. ಹೈದರಾಬಾದಿಗೆ ಹೋಗಿ ಕೇಳುವ ಧೈರ್ಯವಿದ್ದಿದ್ದರೆ ನಾನು ಶಾಲೆಯಲ್ಲಿ ಹಾಜರಿ ಹೇಳುತ್ತಿದ್ದೆ. ಇನ್ನೊಂದು ದಾರಿ, ಬಾಯಿ ಅಗಲವಾದ ಲೆನ್ಸು ತರುವುದು. ತಂಬಿಗೆಗಿಂತ ಬೋಗುಣಿಯೊಳಗೆ ಹೆಚ್ಚು ಮಳೆ ಬಿದ್ದ ಹಾಗೆ ಅದರೊಳಗೆ ಬೆಳಕು ಬೇಗ ಬೀಳುತ್ತದೆ. ಪೇಟೆಯವರು ಅದನ್ನು ಫಾಸ್ಟ್ ಲೆನ್ಸ್ ಎನ್ನುತ್ತಾರೆ. ಅದರ ಮೇಲೆ ಬರೆದ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದಂತೆ. ಇದು ನನಗೆ ಆಗ ಅರ್ಥವಾಗಿರಲಿಲ್ಲ. ನೀವು ಮೂವರೂ ಹುಟ್ಟಿದ ಮೇಲೆ, ಅದರಲ್ಲೂ ಗಂಗಾ ಮಾತು ಕಲಿತ ಮೇಲೆ, ಸಂಪೂರ್ಣ ಅರ್ಥವಾಗಿದೆ.

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ಮೌಲಾಸಾಬರ ಅಂಗಡಿ ಇತ್ತು. ಗಡಿಯಾರ, ರೇಡಿಯೋ, ಕ್ಯಾಮೆರಾ ಎಲ್ಲವನ್ನೂ ಬಿಚ್ಚುವರು. ಜೋಡಿಸುವ ವಿಷಯದಲ್ಲಿ ಅಭಿಪ್ರಾಯ ಭೇದಗಳಿದ್ದವು. ನಾನೊಬ್ಬಳೇ ಹೋದರೆ ಅಂಗಡಿಯ ಮುಂದೆ ಎರಡು ಸಲ ಹಾದು ಬಸ್ಸು ಹತ್ತಿ ವಾಪಸು ಬರುತ್ತೇನೆ ಎಂದು ಅತ್ತೆಗೆ ಗೊತ್ತು. ಆಕೆಯೂ ಹೊರಟಳು, ಬಳೆ ಇಡಿಸಲು ಹೊರಟಷ್ಟೇ ಉಮೇದಿನಿಂದ.

ಮೌಲಾಸಾಬರು ನಮ್ಮ ಕ್ಯಾಮೆರಾಕ್ಕೆ ಕೂರುವ ಎರಡು ಹಳೆಯ ಲೆನ್ಸು ತೆಗೆದಿಟ್ಟರು. ಒಂದು ರಷ್ಯಾದ್ದು, ಅಂಕಿ ಎರಡು. ಗಾಜು ತಿಳಿನೀರಿನ ಹಾಗಿತ್ತು. ಇನ್ನೊಂದು ಜಪಾನಿನದು, ಒಂದು ಪಾಯಿಂಟು ನಾಲ್ಕು. ಬಾಯಿ ಇನ್ನೂ ಅಗಲ, ಆದರೆ ಗಾಜು ಹಳತಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು.

“ರಷ್ಯಾದ್ದು ಒಯ್ಯಿರಿ ಅಮ್ಮಾಜೀ, ಬಿಲ್ಕುಲ್ ಸಾಫ್ ಅದ,” ಎಂದರು ಅವರು.

“ಸಾಫ್ ಇದ್ದು ಏನ ಮಾಡ್ಲಿ? ಕತ್ತಲದಾಗ ಯಾವುದಕ್ಕ ಕಾಣ್ತದ ಹೇಳ್ರಿ,” ಎಂದಳು ಅತ್ತೆ.

“ಎರಡಕ್ಕೂ ಕಾಣ್ತದ್ರೀ.”

“ಹಂಗಂದ್ರ ಆಗ್ಲಿಲ್ಲ. ನೋಡಿ ತಗೋಬೇಕು. ಬಾಗಲಾ ಹಾಕ್ರಿ.”

“ಹಗಲಿನಾಗ ಶಟರ್ ಎಳೀಲೇನ್ರಿ?”

“ಮತ್ತ? ಬಿಸಲಾಗ ನಿಂತು ಕತ್ತಲಾ ನೋಡ್ಲಾಕ ಬರ್ತದೇನು, ಸಾಹೇಬ್ರ?”

ಮೌಲಾಸಾಬರು ಎದ್ದು ಶಟರನ್ನು ದಡಾರನೆ ಎಳೆದರು. ನಮ್ಮ ಪಡಸಾಲೆಯಷ್ಟೇ ಹದವಾದ ಕತ್ತಲೆಯಾಯಿತು. ಅತ್ತೆ ಸ್ಟೂಲಿನ ಮೇಲೆ ಕೂತಳು. ಮೊದಲು ರಷ್ಯಾದ್ದನ್ನು ತಿರುಗಿಸಿ ಹಾಕಿ ನೋಡಿದೆ, ಬೂದು ಬಣ್ಣದ ಒಂದು ಗುಡ್ಡೆ ಕಂಡಿತು. ಜಪಾನಿನದನ್ನು ಹಾಕಿದೆ. ಅತ್ತೆಯ ಗದ್ದದ ಮೇಲಿನ ಮೂರು ಹಸಿರು ಹಚ್ಚೆಬೊಟ್ಟು ಎಣಿಸುವ ಹಾಗೆ ಕಂಡವು.

“ಕಣ್ಣ ಕಾಣ್ತಾವೇನು?” ಎಂದಳು.

“ಹೂಂ ಅತ್ತಿ, ಚಲೋ ಕಾಣ್ತದ,” ಎಂದೆ.

ಅಷ್ಟರಲ್ಲಿ ಹೊರಗೆ ದಡದಡ ಸದ್ದು, ಓಡಾಟ, ಆಮೇಲೆ ನಮ್ಮ ಶಟರಿನ ಮೇಲೆ ಗುದ್ದು. “ಮೌಲಾಭಾಯ್, ಎಲ್ಲಿ ಗಲಾಟಿ? ಬಂದ್ ಅಂತ ಯಾರ ಹೇಳ್ಯಾರ?” ಮೌಲಾಸಾಬರು ಶಟರು ಎತ್ತಿದರೆ ಓಣಿಗೆ ಓಣಿಯೇ ಮುಚ್ಚಿತ್ತು. ಹಗಲು ಹೊತ್ತಿನಲ್ಲಿ ಒಂದು ಅಂಗಡಿಯ ಶಟರು ಬಿದ್ದರೆ ಪಕ್ಕದವನು ಕಾರಣ ಕೇಳುವುದಿಲ್ಲ, ಮೊದಲು ತನ್ನದನ್ನು ಎಳೆಯುತ್ತಾನೆ. ಪೇಟೆಯ ಅಭ್ಯಾಸವೇ ಹಾಗೆ. ಮೂಲೆಯ ಬಟ್ಟೆಯಂಗಡಿಯವನು ಗಿರಾಕಿಗಳನ್ನೂ ಒಳಗೇ ಇಟ್ಟುಕೊಂಡು ಬಾಗಿಲು ಹಾಕಿದ್ದ. ನಾನು ಮೌಲಾಸಾಬರ ಬೀರುವಿನ ಹಿಂದೆ ಸೇರಿಕೊಂಡೆ. ಅತ್ತೆ ಮಾತ್ರ ಹೊಸ್ತಿಲಿಗೆ ಬಂದು ನಿಂತು, ನೆರೆದವರನ್ನೆಲ್ಲ ಒಮ್ಮೆ ನೋಡಿ, “ಯಾವ ಗಲಾಟಿನೂ ಇಲ್ಲೋ ತಮ್ಮಗೋಳ್ಯಾ, ನನ್ನ ಫೋಟೋದ ಲೆನ್ಸ್ ನೋಡ್ಲಾಕತ್ತೀವಿ, ಹೋಗ್ರಿ, ದಂಧಾ ಮಾಡ್ರಿ,” ಎಂದಳು. ಬಂದ್ ಕರೆಯುವವರು ಯಾರೋ, ಹಿಂತೆಗೆದುಕೊಂಡವಳು ನನ್ನ ಅತ್ತೆ.

ಚಹಾ ಬಣ್ಣದ ಲೆನ್ಸು ಮನೆಗೆ ಬಂತು. ಅತ್ತೆ ಅದಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡಿದಳು. ಗಾಜಿಗೆ ತಾಗದಂತೆ ನಾನು ಅಂಗೈ ಅಡ್ಡ ಹಿಡಿದಿದ್ದೆ. ಮರುದಿನ ಮಧ್ಯಾಹ್ನ ಬೆಳಕಿಂಡಿಯ ಕೆಳಗೆ ಆಕೆಯನ್ನು ಕೂರಿಸಿ ಒಂದು ಇಡೀ ರೀಲು ತೆಗೆದೆ.

ಫೋಟೋ ತೊಳೆದು ಬಂದಾಗ ಇಬ್ಬರೂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆವು. ಅಗಲಬಾಯಿಯ ಲೆನ್ಸಿಗೆ ಒಂದು ಚಾಳಿ ಇದೆ. ಅದು ಬೆರಳಿನಷ್ಟು ಜಾಗವನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ, ಹಿಂದು ಮುಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಬಿಡುತ್ತದೆ. ಪ್ರತಿಯೊಂದು ಫೋಟೋದಲ್ಲೂ ಅತ್ತೆಯ ಗದ್ದ ಮತ್ತು ಮೂರು ಹಚ್ಚೆಬೊಟ್ಟು ಮುಟ್ಟುವ ಹಾಗಿದ್ದವು. ಕಣ್ಣಿರಬೇಕಾದಲ್ಲಿ ಎರಡು ಮಸುಕು ಕಲೆ.

“ಗದ್ದ ಚಲೋ ಬಂದದ,” ಎಂದಳು ಅತ್ತೆ. “ಊರಾಗ ಯಾರದೂ ಇಷ್ಟು ಚಲೋ ಗದ್ದ ಇಲ್ಲ. ಕಣ್ಣ ಎಲ್ಲಿ ಒಯ್ದಿ?”

ಆಮೇಲೆ ಕೂತು ಯೋಚಿಸಿದೆ. ತಪ್ಪು ಲೆನ್ಸಿನದಲ್ಲ. ಸೊಸೆಯಾಗಿ ಬಂದ ದಿನದಿಂದ ಅತ್ತೆಯೊಡನೆ ಮಾತಾಡುವಾಗ ತಲೆ ಎತ್ತಬಾರದು ಎಂದು ನನ್ನ ತವರಿನಲ್ಲಿ ಹೇಳಿ ಕಳಿಸಿದ್ದರು. ನನ್ನ ನೋಟ ಆಕೆಯ ಗದ್ದದವರೆಗೆ ಏರಿ ಅಲ್ಲಿಯೇ ನಿಲ್ಲುತ್ತಿತ್ತು. ಅಷ್ಟು ವರ್ಷ ಹಾಗೇ ನಿಂತಿತ್ತು. ಅಂಗಡಿಯ ಕತ್ತಲೆಯಲ್ಲೂ ನಾನು ನೋಡಿದ್ದು ಹಚ್ಚೆಬೊಟ್ಟನ್ನೇ. ಬೇರೆ ಲೆನ್ಸಾಗಿದ್ದರೆ ಗದ್ದವನ್ನು ನೋಡಿದರೂ ಕಣ್ಣನ್ನು ಹೇಗೋ ಹೊಂದಿಸಿಕೊಡುತ್ತಿತ್ತು. ಇದು ಹಟಮಾರಿ. ಕಣ್ಣು ಬೇಕಾದರೆ ಕಣ್ಣನ್ನೇ ನೋಡು ಎನ್ನುವಂಥದ್ದು.

ಇದನ್ನು ಅತ್ತೆಗೆ ಹೇಳಿದೆ, ಅಂದರೆ ಗದ್ದಕ್ಕೆ ಹೇಳಿದೆ. ಆಕೆ, “ನಾ ಏನ ಹುಲಿ ಏನಬೇ? ಮ್ಯಾಲ ನೋಡು,” ಎಂದಳು.

ಇನ್ನೊಂದು ರೀಲು ಹಾಕಿದೆ. ಕ್ಯಾಮೆರಾದ ಹಿಂದೆ ಅಡಗಿಕೊಂಡು ಹಚ್ಚೆಬೊಟ್ಟಿನಿಂದ ನಿಧಾನವಾಗಿ ಮೇಲೇರಿದೆ, ತುಟಿ, ಮೂಗು, ಆಮೇಲೆ ಕಣ್ಣು. ಆಕೆಯ ಕಣ್ಣು ಕಪ್ಪಲ್ಲ, ಜೇನಿನ ಬಣ್ಣದ್ದು. ಒಂದೇ ಒಲೆಯ ಮುಂದೆ ಇಷ್ಟು ಕಾಲ ಕೂತವಳಿಗೆ ಅದು ಗೊತ್ತಿರಲಿಲ್ಲ. “ಆತೇನು?” ಎಂದು ಆಕೆ ಹುಬ್ಬೇರಿಸಿದಾಗ ಗುಂಡಿ ಒತ್ತಿದೆ. ಅತ್ತೆ ಕೇಳಿದ ಫೋಟೋ ಅದೇ. ರೆಪ್ಪೆ ಕೂಡ ಎಣಿಸಬಹುದು. ಈ ಸಲ ಗದ್ದ ತುಸು ಕರಗಿದೆ, ಅದಕ್ಕೆ ಆಕೆ ಬೇಸರಪಡಲಿಲ್ಲ.

ರೀಲಿನಲ್ಲಿ ಒಂದು ಉಳಿದಿತ್ತು. “ನೀ ಕೂಡು, ನಾ ಹೊಡೀತೀನಿ,” ಎಂದಳು. ಬೇಡವೆಂದರೂ ಕೇಳಲಿಲ್ಲ. ಆಕೆ ಕೂತ ಜಾಗದಲ್ಲಿ ನಾನು ಕೂತೆ, ನನ್ನ ಜಾಗದಲ್ಲಿ ಆಕೆ. ಲೆನ್ಸು ಮುಟ್ಟಬೇಡಿ, ಗುಂಡಿ ಮಾತ್ರ ಒತ್ತಿ ಎಂದು ಹೇಳಿಕೊಟ್ಟೆ. ಒತ್ತಿದಳು. ಫೋಟೋ ತೊಳೆದು ಬಂದಾಗ ಕೈಯಲ್ಲಿ ಹಿಡಿದು ನಗತೊಡಗಿದವಳು ಸಂಜೆಯವರೆಗೂ ನಕ್ಕಳು.

“ಮಿಂಚ ಇಲ್ಲ, ಬಿಸಲ ಇಲ್ಲ. ನೀ ಯಾಕ ಕಣ್ಣ ಮುಚ್ಚಿದಿ ಕಸ್ತೂರಿ?”

“ನೀವು ನೋಡ್ಲಾಕತ್ತಿದ್ರಿ ಅತ್ತಿ,” ಎಂದೆ.

ಮಕ್ಕಳೇ, ನಿಮ್ಮ ಅಪ್ಪ ಮೊನ್ನೆ ತಂದ ಕ್ಯಾಮೆರಾಕ್ಕೆ ರೀಲೇ ಬೇಡವಂತೆ, ಚೆನ್ನಾಗಿ ಬಾರದ್ದನ್ನು ಅಲ್ಲಿಯೇ ಅಳಿಸಿಹಾಕಬಹುದಂತೆ. ಹಾಗಾದರೆ ಕಣ್ಣು ಮುಚ್ಚುವ ನನ್ನದು ಒಂದೂ ಉಳಿಯುವುದಿಲ್ಲ. ಅದಕ್ಕೇ ಈ ಹಾಳೆಗಳನ್ನು ಟ್ರಂಕಿನಲ್ಲಿ, ಆ ಲೆನ್ಸಿನ ಪಕ್ಕದಲ್ಲಿ, ಗೆದ್ದಲು ಮುಟ್ಟದ ಹಾಗೆ ಇಡಿ. ನಡುವೆ ಎರಡು ಫೋಟೋ ಇಟ್ಟಿದ್ದೇನೆ. ಕಣ್ಣು ಬಿಟ್ಟವಳು ನನ್ನ ಅತ್ತೆ. ಇನ್ನೊಬ್ಬಳು ನಿದ್ದೆ ಹೋಗಿದ್ದಳೇ ಎಂದು ಯಾರಾದರೂ ಕೇಳಿದರೆ, ಹೌದು ಎಂದೇ ಹೇಳಿಬಿಡಿ.