ಕೆಂಚನ ಕೊರಳಿನ ಬಿಲ್ಲೆ

ಹೇರೋಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲವೂ ನನ್ನ ಹೆಸರಿನಲ್ಲಿದೆ. ಖಾತೆ, ಕರೆಂಟು, ನೀರು, ಗ್ಯಾಸು, ಕೊನೆಗೆ ಕೇಬಲ್ಲು ಕೂಡ. 'ಈ ಮನೆಗೆ ಏನೇ ಬಂದರೂ ಯಜಮಾನನ ಹೆಸರಿನಲ್ಲೇ ಬರಬೇಕು' ಎಂದು ಮದುವೆಯಾದ ವಾರದಲ್ಲೇ ಹೆಂಡತಿ ಹನುಮಕ್ಕನಿಗೆ ಕಟ್ಟಪ್ಪಣೆ ಮಾಡಿದ್ದೆ. ಅವಳು ಒಟಿಪಿ ಕೇಳಿದರೆ ಟೀವಿಯಿಂದ ಕಣ್ಣು ಕೀಳದೆ ಓದಿ ಹೇಳುತ್ತೇನೆ. ಯಾತಕ್ಕೆ ಎಂದು ಕೇಳುವುದು ಯಜಮಾನಿಕೆಗೆ ಕುಂದು.

ಇಂಥ ಯಜಮಾನನ ಗೇಟಿನ ಮುಂದೆ ದಿನಾ ಬೆಳಗ್ಗೆ ಒಂದು ನಾಯಿ ಬಂದು ತನ್ನ ನಿತ್ಯಕರ್ಮ ಮುಗಿಸಿ ಹೋಗುವುದೆಂದರೇನು! ಬೀದಿಯವರೆಲ್ಲ ಅದನ್ನು ಕೆಂಚ ಎನ್ನುತ್ತಾರೆ. ಕೊರಳಲ್ಲಿ ಪಟ್ಟಿ, ಪಟ್ಟಿಗೊಂದು ಬಿಲ್ಲೆ. ಬಿಲ್ಲೆಯಿದ್ದ ಮೇಲೆ ಮಾಲೀಕನೂ ಇರಲೇಬೇಕು. ಹಗಲೆಲ್ಲ ಅದು ಎದುರುಮನೆ ಚಿಕ್ಕಣ್ಣನ ಕಾರಿನಡಿ ಮಲಗುವುದರಿಂದ ಅಪರಾಧಿ ಯಾರೆಂದು ಹುಡುಕಬೇಕಾಗಿರಲಿಲ್ಲ.

ನಾನು ಬಡಾವಣೆಯ ಸಂಘದ ಕಾರ್ಯದರ್ಶಿ. ಎರಡು ದಿನ ಕೂತು ಕಾನೂನು ಓದಿದೆ. ಓದುತ್ತ ಓದುತ್ತ ಗಾಬರಿಯಾದೆ. ನಾಯಿಗೆ ಲೈಸೆನ್ಸ್ ಬೇಕಂತೆ! ರೇಬಿಸ್ ಲಸಿಕೆ ಹಾಕಿಸಬೇಕಂತೆ! ಹಗ್ಗವಿಲ್ಲದೆ ಬೀದಿಗೆ ಬಿಡಕೂಡದಂತೆ! ಅದು ಬೀದಿಯಲ್ಲಿ ಮಾಡಿದ್ದನ್ನು ಮಾಲೀಕನೇ ಎತ್ತಬೇಕಂತೆ! ಮಕ್ಕಳನ್ನು ಸಾಕುವುದಕ್ಕೂ ಇಷ್ಟು ಕಟ್ಟಳೆಗಳಿಲ್ಲ.

ಪಾರ್ಕಿನ ಬೋರ್ಡಿಗೆ ಅಂಟಿಸಲು ನೋಟಿಸು ಬರೆದೆ. ಕೊನೆಯ ಸಾಲು ಮಾತ್ರ ನನ್ನ ಸ್ವಂತ ಸೃಷ್ಟಿ: 'ತಪ್ಪಿತಸ್ಥ ಮಾಲೀಕನು ಒಂದು ತಿಂಗಳು, ಬೆಳಗ್ಗೆ ಆರಕ್ಕೆ, ಎದುರುಮನೆಯವರ ಉಸ್ತುವಾರಿಯಲ್ಲಿ ಇಡೀ ಬೀದಿಯನ್ನು ಸ್ವಹಸ್ತದಿಂದ ಶುಚಿಗೊಳಿಸತಕ್ಕದ್ದು.' (ಚಿಕ್ಕಣ್ಣನ ಎದುರುಮನೆಯವನು ನಾನೇ ತಾನೆ!)

ಹನುಮಕ್ಕ ಅದನ್ನು ಓದಿ ಬೆಚ್ಚಿಬಿದ್ದಳು.

"ರೀ, ಇದನ್ನ ಅಂಟಿಸ್ಬೇಡಿ. ಕೆಂಚನ ವಿಷಯ ಒಂದು ಹೇಳ್ಬೇಕಿತ್ತು."

"ಕಾನೂನು ನಿನಗೇನೇ ಗೊತ್ತು? ಹೋಗಿ ಮುದ್ದೆ ಕಟ್ಟು."

(ಇರುವವರು ಇಬ್ಬರು. ಆದರೂ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತಾಳೆ. ಇಪ್ಪತ್ತೆಂಟು ವರ್ಷವಾದರೂ ಅಂದಾಜು ಸಿಕ್ಕಿಲ್ಲ, ಪಾಪ.)

"ಆಮೇಲೆ ನನ್ನ ಅನ್ಬೇಡಿ" ಎಂದು ಒಳಗೆ ಹೋದಳು. ನಾನು ಹೋಗಿ ನೋಟಿಸು ಅಂಟಿಸಿ ಬಂದೆ.

ಭಾನುವಾರ ಪಾರ್ಕಿನಲ್ಲಿ ಸಭೆ. ನನ್ನ ವಿಶೇಷ ಆಹ್ವಾನದ ಮೇಲೆ ಪಶುವೈದ್ಯೆ ಡಾಕ್ಟರ್ ಇಂಚರಾ ಬಂದಿದ್ದರು. ಕೆಂಚನೂ ಬಂದಿತ್ತು. ನಾನು ಎದ್ದು ನಿಂತು ಅರ್ಧ ಗಂಟೆ ಗುಡುಗಿದೆ.

"ಯೋಗಣ್ಣ, ದೇವ್ರಾಣೆ ಅದು ನಮ್ಮನೆ ನಾಯಿ ಅಲ್ಲ" ಎಂದ ಚಿಕ್ಕಣ್ಣ. "ಕಾರಿನಡಿ ನೆರಳಿದೆ, ಮಲಗುತ್ತೆ ಅಷ್ಟೆ."

"ಕಳ್ಳರೆಲ್ಲ ಹೀಗೇ ಹೇಳೋದು! ಡಾಕ್ಟ್ರೇ, ಆ ಬಿಲ್ಲೆ ನೋಡಿ. ಮಾಲೀಕನ ಹೆಸರು ಎಲ್ಲರಿಗೂ ಕೇಳೋ ಹಾಗೆ ಓದಿ."

ಆಕೆ ಬಿಲ್ಲೆಯ ನಂಬರನ್ನು ಮೊಬೈಲಿಗೆ ಒತ್ತಿದರು. "ಲೈಸೆನ್ಸ್ ಇದೆ ಸಾರ್. ಲಸಿಕೆನೂ ಆಗಿದೆ. ಮಾಲೀಕರು..." ಎಂದು ನಿಲ್ಲಿಸಿ ನನ್ನ ಮುಖ ನೋಡಿದರು.

"ಜೋರಾಗಿ!"

"ಯೋಗಾನಂದ. ಎರಡನೇ ಅಡ್ಡರಸ್ತೆ, ಹೇರೋಹಳ್ಳಿ."

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದೆ.

"ಸೂಜಿ ಹಾಕೋರು ಬಂದಾಗ ಮಾಲೀಕರ ಹೆಸರು ಕೇಳಿದ್ರು" ಎಂದಳು ಹನುಮಕ್ಕ. "ಏನೇ ಬಂದ್ರೂ ನಿಮ್ಮ ಹೆಸರಲ್ಲೇ ಅಂತ ನೀವೇ ತಾನೆ ಹೇಳಿದ್ದು? ಒಟಿಪಿ ಹೇಳಿದ್ದೂ ನೀವೇ. ಮ್ಯಾಚ್ ನೋಡ್ತಾ ಇದ್ರಿ."

"ಗ್ಯಾಸಿಗೆ ಅಂದ್ಕೊಂಡೆ ಕಣೇ!"

"ಮೂರು ವರ್ಷದಿಂದ ನಮ್ಮನೆ ಮುದ್ದೆ ತಿಂತಿದೆ. ದಿಕ್ಕಿಲ್ಲದ್ದು ಅಂತ ಬರೆಸೋಕೆ ಮನಸ್ಸು ಬರ್ಲಿಲ್ಲ ಕಣ್ರೀ."

ಆ ಹೆಚ್ಚಿನ ಮುದ್ದೆ ಎಲ್ಲಿಗೆ ಹೋಗುತ್ತಿತ್ತೆಂದು ನನಗೆ ಅಂದು ತಿಳಿಯಿತು. ಕೆಂಚ ನೆಟ್ಟಗೆ ಬಂದು ನನ್ನ ಪಾದದ ಮೇಲೆ ಕುಳಿತು ಬಾಲ ಅಲ್ಲಾಡಿಸಿತು. ಸಭೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇಂದಿಗೆ ಆರನೆಯ ದಿನ. ಬೆಳಗ್ಗೆ ಆರಕ್ಕೆ ನಾನು ಒಂದು ಕೈಯಲ್ಲಿ ಕೆಂಚನ ಹಗ್ಗ, ಇನ್ನೊಂದು ಕೈಯಲ್ಲಿ ಹಳೇ ಪೇಪರು ಹಿಡಿದು ಬೀದಿಗಿಳಿಯುತ್ತೇನೆ. ಎದುರುಮನೆ ಚಿಕ್ಕಣ್ಣ ಬನಿಯನ್ನಿನಲ್ಲಿ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತ ಕೂತಿರುತ್ತಾನೆ. ಅವನು ಕಾನೂನಿಗೆ ಇಷ್ಟು ಗೌರವ ಕೊಡುವವನೆಂದು ನನಗೆ ಗೊತ್ತೇ ಇರಲಿಲ್ಲ.

"ಯೋಗಣ್ಣ, ಆ ಕಂಬದ ಬುಡದಲ್ಲಿ ಒಂಚೂರು ಉಳೀತಲ್ಲ" ಎನ್ನುತ್ತಾನೆ. "ಇಡೀ ಬೀದಿ ಅಂತ ನೀವೇ ಬರ್ದಿದೀರಿ."